ಕಟ್ಟೆಯ ನೀರು ಮತ್ತೆ ಮತ್ತೆ ಹಸಿರಾಗ್ತಿದೆಯಾ? ಪಂಚಾಯಿತಿ ಯಾವ ಕೆಲಸ ಮೊದಲು ಮಾಡಬೇಕು, ಯಾವುದು ಆಮೇಲೆ

"ಜೆಸಿಬಿ ತಂದು ಹೂಳು ತೆಗೆಸಿದೆವು, ಸುತ್ತ ಬೇಲಿ ಹಾಕಿಸಿದೆವು, ಆರು ತಿಂಗಳಿಗೆ ನೀರು ಮತ್ತೆ ಪಾಲಕ್ ಸೊಪ್ಪು ರುಬ್ಬಿದ ಹಾಗಾಗಿದೆ, ಏನ್ ಮಾಡೋದು?" ಪಂಚಾಯಿತಿ ಸದಸ್ಯರು, ಪಿಡಿಒಗಳು, ಕೆರೆ ಸಮಿತಿಯವರು ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ. ವಿಚಾರಿಸಿದರೆ ಎಲ್ಲ ಕಡೆ ಒಂದೇ ಕತೆ. ಕೆಲಸ ಮಾಡಿರುತ್ತಾರೆ, ಆದರೆ ಉಲ್ಟಾ ಮಾಡಿರುತ್ತಾರೆ. ಮೊದಲು ಹೂಳು, ಆಮೇಲೆ ವಾಕಿಂಗ್ ಪಾತ್, ದುಡ್ಡು ಉಳಿದರೆ ಚರಂಡಿ. ದುಡ್ಡು ಉಳಿಯುವುದಿಲ್ಲ.

ಇದನ್ನು ಬರೆದಿರುವುದು 1ರಿಂದ 5 ಎಕರೆಯ ಊರ ಕಟ್ಟೆ, ಕುಂಟೆ, ಚಿಕ್ಕ ಕೆರೆಗಳಿಗಾಗಿ. ಬೆಂಗಳೂರಿನ ಬೆಳ್ಳಂದೂರಿನಂಥ ದೊಡ್ಡ ಕೆರೆಗೆ ಇಲ್ಲಿನ ಲೆಕ್ಕ ಸಾಲದು, ಅಲ್ಲಿ ದೊಡ್ಡ ಸಂಸ್ಕರಣಾ ಘಟಕವೇ ಬೇಕು.

ಕೆಲಸ ಶುರು ಮಾಡುವುದು ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಅಥವಾ ನವೆಂಬರಿನಲ್ಲಿ. ಚರಂಡಿ ಕೆಲಸ ಫೆಬ್ರವರಿ ಒಳಗೆ ಮುಗಿಯಬೇಕು. ಹೂಳಿಗೆ ಮಾರ್ಚ್, ಏಪ್ರಿಲ್. ಮೇ ತಿಂಗಳನ್ನು ಖಾಲಿ ಬಿಡಿ, ಏಕೆಂದರೆ ಮುಂಗಾರಿಗೆ ಮುಂಚಿನ ಮಳೆ ನಿಮ್ಮ ಟೆಂಡರ್ ದಿನಾಂಕ ನೋಡಿಕೊಂಡು ಬರುವುದಿಲ್ಲ.

## ಬೇಕಾಗುವ ಸಾಮಾನು

15 ಲೀಟರಿನ ಬಕೆಟ್, ಸೆಕೆಂಡ್ ತೋರಿಸುವ ಗಡಿಯಾರ ಅಥವಾ ಫೋನು, ಅಗಲ ಬಾಯಿಯ ಎರಡು ಗಾಜಿನ ಬಾಟಲಿ, ಉದ್ದ ಕೋಲು, ಗ್ರಾಮ ನಕ್ಷೆ, ಒಂದು ನೋಟ್‌ಬುಕ್. ಗಂಬೂಟು ಮತ್ತು ರಬ್ಬರ್ ಗ್ಲೌಸ್ ಬೇಕೇ ಬೇಕು, ಹೂಳಿನಲ್ಲಿ ಒಡೆದ ಬಾಟಲಿಯಿಂದ ಹಿಡಿದು ಇಂಜೆಕ್ಷನ್ ಸೂಜಿಯವರೆಗೆ ಎಲ್ಲ ಇರುತ್ತದೆ.

20 ಸೆಂಟಿಮೀಟರ್ ಅಗಲದ ಒಂದು ತಟ್ಟೆ ಮಾಡಿಸಿಕೊಳ್ಳಿ. ಅದನ್ನು ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಹೊಡೆಯಿರಿ. ಕೆಳಗೆ ಭಾರ ಕಟ್ಟಿ, ಮೇಲೆ ಗುರುತು ಹಾಕಿದ ಹಗ್ಗ ಕಟ್ಟಿ. ಇದಕ್ಕೆ ಸೆಕ್ಕಿ ತಟ್ಟೆ ಅನ್ನುತ್ತಾರೆ. ನೀರಿಗೆ ಇಳಿಸುತ್ತಾ ಹೋದರೆ ಎಷ್ಟು ಆಳಕ್ಕೆ ಕಣ್ಮರೆಯಾಗುತ್ತದೋ ಅದೇ ನಿಮ್ಮ ಕಟ್ಟೆಯ ಅಂಕಿ. ಮುಂದೆ ಎಲ್ಲ ಕಡೆ ಇದು ಬೇಕಾಗುತ್ತದೆ.

ಕುಡಿಯುವ ನೀರು ಪರೀಕ್ಷಿಸುವ ಕಿಟ್ ಪಂಚಾಯಿತಿಯ ಬೀರುವಿನಲ್ಲೇ ಇರಬಹುದು, ಹುಡುಕಿ. ಪಿಎಚ್, ನೈಟ್ರೇಟ್ ಅದರಲ್ಲೇ ನೋಡಬಹುದು. ಫಾಸ್ಫೇಟ್ ಮತ್ತು ಅಮೋನಿಯಾ ಕಿಟ್ ಅಲಂಕಾರಿಕ ಮೀನು ಮಾರುವ ಅಂಗಡಿಯಲ್ಲಿ ಸಿಗುತ್ತದೆ.

## 1. ಕಟ್ಟೆ ಯಾರದ್ದು, ಗಡಿ ಎಲ್ಲಿ

ಅಚ್ಚುಕಟ್ಟು, ಅಂದರೆ ಕೆರೆ ನೀರುಣಿಸುವ ಜಮೀನು, 40 ಹೆಕ್ಟೇರ್‌ಗಿಂತ ಜಾಸ್ತಿ ಇದ್ದರೆ ಕೆರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯ ಕೈಯಲ್ಲಿರುತ್ತದೆ, ಅದಕ್ಕಿಂತ ಚಿಕ್ಕದಾದರೆ ಪಂಚಾಯಿತಿಯದು. ಪಹಣಿ ಮತ್ತು ಗ್ರಾಮ ನಕ್ಷೆ ತೆಗೆದು ಸರ್ವೆ ನಂಬರ್ ನೋಡಿ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಭೂಮಾಪಕರಿಂದ ಅಳತೆ ಮಾಡಿಸಿ ಕಲ್ಲು ನೆಡಿಸಿ. ಕಟ್ಟೆಯ ಜೊತೆ ಅದಕ್ಕೆ ನೀರು ತರುವ ಕಾಲುವೆಯನ್ನೂ ಅಳೆಸಿ. ಇದನ್ನು ಹತ್ತಕ್ಕೆ ಎಂಟು ಕಡೆ ಮರೆತಿರುತ್ತಾರೆ. ಕಾಲುವೆ ಒತ್ತುವರಿಯಾಗಿದ್ದರೆ ಮಳೆ ನೀರು ಬರುವುದಿಲ್ಲ, ಬಚ್ಚಲು ನೀರು ಮಾತ್ರ ಬರುತ್ತದೆ. ಆಗ ಕಟ್ಟೆ ಕಟ್ಟೆಯಾಗಿ ಉಳಿಯುವುದಿಲ್ಲ, ಊರ ಗುಂಡಿಯಾಗುತ್ತದೆ.

ಒತ್ತುವರಿ ತೆರವಿಗೆ ನೀವೇ ಜೆಸಿಬಿ ತೆಗೆದುಕೊಂಡು ಹೋಗಬೇಡಿ. ಅದು ಕಂದಾಯ ಇಲಾಖೆಯ ಕೆಲಸ. ಕೆರೆಗೆ ಕಸ, ಕೊಳಚೆ ಬಿಡುವಂತಿಲ್ಲ, ಒತ್ತುವರಿ ಮಾಡುವಂತಿಲ್ಲ ಎಂದು ರಾಜ್ಯದಲ್ಲಿ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯೇ ಇದೆ. ಗ್ರಾಮ ಸಭೆಯ ನಡಾವಳಿಯಲ್ಲಿ ಅದನ್ನು ಬರೆಸಿ ಇಟ್ಟುಕೊಳ್ಳಿ.

## 2. ಯಾವ ಹಸಿರು ಎಂದು ತಿಳಿದುಕೊಳ್ಳಿ

ಹಸಿರೆಲ್ಲ ಒಂದೇ ಅಲ್ಲ. ದಪ್ಪ ಎಲೆ, ನೇರಳೆ ಹೂ ಬಿಟ್ಟು ತೇಲುವುದು ಜಲಕಳೆ, ಕೆಲವು ಊರಲ್ಲಿ ಅಂತರಗಂಗೆ ಅನ್ನುತ್ತಾರೆ. ಅದು ಪಾಚಿಯಲ್ಲ. ಬೇರು ಸಮೇತ ಎಳೆದು ಹಾಕಿದರೆ ಹೋಗುತ್ತದೆ, ಒಂದು ತುಂಡು ಉಳಿದರೂ ಮತ್ತೆ ಹಬ್ಬುತ್ತದೆ. ಪಾಚಿಗೆ ಎರಡು ಪರೀಕ್ಷೆ ಮಾಡಿ.

ಕೋಲಿನ ಪರೀಕ್ಷೆ: ಕೋಲನ್ನು ಹಸಿರಿನೊಳಗೆ ಅದ್ದಿ ಎತ್ತಿ. ಕೂದಲಿನ ಹಾಗೆ ಎಳೆ ಎಳೆಯಾಗಿ ನೇತಾಡಿದರೆ ಅದು ಎಳೆ ಪಾಚಿ. ನೋಡಲು ಅಸಹ್ಯ, ಅಪಾಯ ಕಡಿಮೆ. ಕೋಲಿಗೆ ಪೇಂಟ್ ಬಳಿದ ಹಾಗೆ ಅಂಟಿಕೊಂಡರೆ ಹುಷಾರಾಗಿ.

ಬಾಟಲಿ ಪರೀಕ್ಷೆ: ಗ್ಲೌಸ್ ಹಾಕಿಕೊಂಡು ಬಾಟಲಿಯ ಮುಕ್ಕಾಲು ಭಾಗ ನೀರು ತುಂಬಿ, ಮುಚ್ಚಳ ಹಾಕಿ, ಅಲುಗಾಡಿಸದೆ ಒಂದು ರಾತ್ರಿ ಇಡಿ. ಹಸಿರು ತಳಕ್ಕೆ ಇಳಿದರೆ ಸಾಮಾನ್ಯ ಪಾಚಿ. ಮೇಲೆ ಬಂದು ಉಂಗುರದಂತೆ ನಿಂತರೆ ನೀಲಿಹಸಿರು ಪಾಚಿ ಇರುವ ಸಂಭವ ಹೆಚ್ಚು, ಏಕೆಂದರೆ ಅದರ ಜೀವಕೋಶದಲ್ಲಿ ಗಾಳಿ ಇರುತ್ತದೆ, ತೇಲುತ್ತದೆ. ಇದು ಅಂದಾಜಿನ ಪರೀಕ್ಷೆ, ಖಚಿತ ಬೇಕಾದರೆ ಲ್ಯಾಬ್‌ಗೆ ಕಳಿಸಿ.

ನೀಲಿಹಸಿರು ಪಾಚಿಯ ಕೆಲವು ಜಾತಿಗಳು ವಿಷ ಬಿಡುತ್ತವೆ. ಆ ನೀರು ಕುಡಿದ ದನ, ನಾಯಿ ಕೆಲವೇ ಗಂಟೆಯಲ್ಲಿ ಸತ್ತದ್ದು ಜಗತ್ತಿನ ಎಷ್ಟೋ ಕಡೆ ದಾಖಲಾಗಿದೆ. ಆ ವಿಷ ಕುದಿಸಿದರೆ ಹೋಗುವುದಿಲ್ಲ. ದಡದಲ್ಲಿ ಪೇಂಟ್ ಚೆಲ್ಲಿದಂಥ ಕೆನೆ, ಒಣಗಿದ ಕಡೆ ನೀಲಿ ಬಿಳುಪು ಕಲೆ, ನೀರು ಕುಡಿದ ದನ ಜೊಲ್ಲು ಸುರಿಸುವುದು, ತೂರಾಡುವುದು, ಇವುಗಳಲ್ಲಿ ಒಂದು ಕಂಡರೂ ಅವತ್ತೇ ದಡಕ್ಕೆ ಹಗ್ಗ ಕಟ್ಟಿ, ಡಂಗುರ ಹೊಡೆಸಿ, ದನಗಳಿಗೆ ಬೇರೆ ತೊಟ್ಟಿಯಲ್ಲಿ ನೀರು ತುಂಬಿಸಿ, ಪಶುವೈದ್ಯರಿಗೆ ಫೋನ್ ಮಾಡಿ. ಮೀಟಿಂಗ್ ಆಮೇಲೆ ಮಾಡಿದರಾಯಿತು.

ಮಳೆ ಬಂದ ಮೇಲೆ ನೀರು ಕೆಂಪಗೆ ಕದಡಿರುವುದು ಮಣ್ಣು. ಅದಕ್ಕೆ ಗಾಬರಿ ಬೇಡ.

## 3. ಕೊಳಕು ಎಲ್ಲಿಂದ ಬರುತ್ತಿದೆ, ಎಷ್ಟು ಬರುತ್ತಿದೆ

ಇಲ್ಲಿ ಒಂದು ವಾರ ಕೊಡಿ. ಹೆಚ್ಚಿನವರು ಅರ್ಧ ಗಂಟೆ ಕೊಟ್ಟು ಮುಗಿಸುತ್ತಾರೆ, ಸೋಲುವುದೂ ಇಲ್ಲೇ.

ಕಟ್ಟೆಯ ಸುತ್ತ ನಡೆಯಿರಿ. ಒಳಗೆ ಬರುವ ಪ್ರತಿ ಪೈಪು, ಪ್ರತಿ ಮೋರಿ, ಪ್ರತಿ ಕೊರಕಲಿಗೆ ನಂಬರ್ ಕೊಡಿ. ಆಮೇಲೆ ಒಂದೊಂದನ್ನೂ ಹಿಂದಕ್ಕೆ ಹಿಡಿದುಕೊಂಡು ಊರೊಳಗೆ ಹೋಗಿ, ಯಾವ ಬೀದಿ, ಎಷ್ಟು ಮನೆ, ಹೋಟೆಲ್ ಇದೆಯಾ, ಸರ್ವಿಸ್ ಸ್ಟೇಷನ್ ಇದೆಯಾ, ಕಾಲುವೆ ದಡದಲ್ಲಿ ತಿಪ್ಪೆ ಇದೆಯಾ, ಯಾರ ಶೌಚಾಲಯದ ಪೈಪು ಚರಂಡಿಗೆ ಸೇರಿದೆ ಎಂದು ಬರೆದುಕೊಳ್ಳಿ. ಕೊನೆಯದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಜಗಳಕ್ಕೆ ನಿಲ್ಲಬೇಡಿ, ಬರೆದುಕೊಂಡು ಮುಂದೆ ಹೋಗಿ.

ಈಗ ಬಕೆಟ್ ತೆಗೆಯಿರಿ. ಪೈಪಿನ ಬಾಯಿಗೆ ಹಿಡಿದು ಎಷ್ಟು ಸೆಕೆಂಡಿಗೆ ತುಂಬಿತು ನೋಡಿ. 15 ಲೀಟರ್ 10 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಒಂದೂವರೆ ಲೀಟರ್. ದಿನವಿಡೀ ಹಾಗೇ ಹರಿದರೆ ಸುಮಾರು 1.3 ಲಕ್ಷ ಲೀಟರ್. ಆದರೆ ದಿನವಿಡೀ ಹಾಗೆ ಹರಿಯುವುದಿಲ್ಲ ಅಲ್ವಾ? ಬೆಳಿಗ್ಗೆ ಏಳಕ್ಕೆ ಬಟ್ಟೆ, ಸ್ನಾನ ಎಲ್ಲ ಒಟ್ಟಿಗೆ. ಮಧ್ಯಾಹ್ನ ಮೂರಕ್ಕೆ ಏನೂ ಇರುವುದಿಲ್ಲ. ಅದಕ್ಕೇ ದಿನಕ್ಕೆ ಐದು ಸಲ ಅಳೆದು ಸರಾಸರಿ ತೆಗೆಯಿರಿ. ಎಂಜಿನಿಯರ್ ಸಾಹೇಬರು ಬರುವುದೇ ಹನ್ನೊಂದರ ಮೇಲೆ, ಆಗ ನೋಡಿ ಬರೆದ ಎಸ್ಟಿಮೇಟ್ ಯಾವಾಗಲೂ ಕಡಿಮೆ ಬೀಳುತ್ತದೆ.

ಲೆಕ್ಕ ಸರಿ ಇದೆಯಾ ಎಂದು ಇನ್ನೊಂದು ದಾರಿಯಲ್ಲೂ ನೋಡಬಹುದು. ನಲ್ಲಿ ಯೋಜನೆಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಎಂದು ಹಿಡಿಯುತ್ತಾರೆ. ಅದರಲ್ಲಿ ಸುಮಾರು 36 ಲೀಟರ್ ಬಚ್ಚಲು ನೀರಾಗಿ ಹೊರಬರುತ್ತದೆ. 100 ಮನೆ, 500 ಜನ ಎಂದರೆ ದಿನಕ್ಕೆ 18,000 ಲೀಟರ್. ನಿಮ್ಮ ಬಕೆಟ್ ಲೆಕ್ಕ ಇದರ ಎರಡು ಪಟ್ಟು ಬಂದರೆ ಎಲ್ಲೋ ನಲ್ಲಿ ಸುಮ್ನೆ ಸುರಿಯುತ್ತಿದೆ.

ಫಾಸ್ಫೇಟನ್ನು ಚರಂಡಿಯ ಬಾಯಲ್ಲಿ ನೋಡಿ, ಕಟ್ಟೆಯ ನಡುವೆ ನೋಡಿ ಮೋಸ ಹೋಗಬೇಡಿ. ಪಾಚಿ ತುಂಬಿರುವಾಗ ನೀರಿನಲ್ಲಿ ಫಾಸ್ಫೇಟ್ ಕಡಿಮೆ ತೋರಿಸುತ್ತದೆ, ಏಕೆಂದರೆ ಅದನ್ನು ಪಾಚಿ ಆಗಲೇ ತಿಂದು ಮುಗಿಸಿರುತ್ತದೆ. "ನೀರು ಚೆನ್ನಾಗಿದೆ ಸಾರ್" ಎಂದು ವರದಿ ಬರುವುದು ಹೀಗೇ. ಫಾಸ್ಫೇಟಿನಲ್ಲಿರುವುದು ರಂಜಕ (ಫಾಸ್ಫರಸ್), ಒಂದು ಕೆಜಿ ರಂಜಕ ನೂರಾರು ಕೆಜಿ ಹಸಿ ಪಾಚಿ ಬೆಳೆಸಬಲ್ಲದು. ಸೋಪಿನ ಪುಡಿ, ಮಲಮೂತ್ರ, ಸಗಣಿ, ಹೊಲದಿಂದ ಕೊಚ್ಚಿ ಬಂದ ಡಿಎಪಿ ಗೊಬ್ಬರ, ಎಲ್ಲದರಲ್ಲೂ ಇರುವುದು ಇದೇ.

## 4. ಚರಂಡಿಯ ಬಾಯಿ ಕಟ್ಟಿ

ದುಡ್ಡಿನಲ್ಲಿ ಅರ್ಧ ಇಲ್ಲಿ ಹೋದರೂ ಪರವಾಗಿಲ್ಲ. ಮೂರು ಮಟ್ಟದಲ್ಲಿ ಮಾಡಿ.

ಮನೆ ಹತ್ತಿರ. ಜಾಗ ಇರುವ ಮನೆಗಳಿಗೆ ಬಚ್ಚಲುಗುಂಡಿ. ಉದ್ಯೋಗ ಖಾತ್ರಿಯಲ್ಲಿ ಸಾವಿರಾರು ಆಗಿವೆ, ಪಂಚಾಯಿತಿಗೆ ಹೊಸದೇನಲ್ಲ. ಬಾವಿ, ಬೋರ್‌ವೆಲ್‌ನಿಂದ ಕನಿಷ್ಠ 10 ಮೀಟರ್ ದೂರ ಇರಲಿ. ಎರೆಮಣ್ಣಿನ ಊರಲ್ಲಿ ನೀರು ಇಂಗುವುದಿಲ್ಲ, ಅಲ್ಲಿ ಇದಕ್ಕೆ ದುಡ್ಡು ಹಾಕಬೇಡಿ. ಶೌಚಾಲಯದ ನೀರನ್ನು ಬಚ್ಚಲುಗುಂಡಿಗೆ ಬಿಡಲೇಬಾರದು. ಅದಕ್ಕೆ ಬೇರೆ ಜೋಡಿ ಗುಂಡಿ ಮಾಡಿಸಿ. ಚರಂಡಿಗೆ ಸೇರಿದ ಶೌಚಾಲಯದ ಪೈಪುಗಳನ್ನು ಕತ್ತರಿಸದೆ ಮುಂದಿನ ಯಾವ ಹಂತಕ್ಕೂ ಹೋಗಬೇಡಿ.

ಕಟ್ಟೆಯ ಬಾಯಲ್ಲಿ. ಮಿಕ್ಕ ನೀರಿಗೆ ಈ ಸಾಲು ಬೇಕು: ಜಾಲರಿ, ಎರಡು ಕೋಣೆಯ ತಿಳಿತೊಟ್ಟಿ (ಕೆಸರು ತಳಕ್ಕೆ ಇಳಿಯುವ ತೊಟ್ಟಿ), ಆಮೇಲೆ ಜಲ್ಲಿ ತುಂಬಿದ ಗಿಡದ ಮಡಿ. ತಲೆಗೆ 1ರಿಂದ 2 ಚದರ ಮೀಟರ್ ಮಡಿ ಹಿಡಿಯಿರಿ. 500 ಜನರ ಬಚ್ಚಲು ನೀರಿಗೆ ಐದರಿಂದ ಹತ್ತು ಗುಂಟೆ. ಅಷ್ಟು ಜಾಗ ಇಲ್ಲ ಅನ್ನುವುದಾದರೆ ಹಿಂದಕ್ಕೆ ಹೋಗಿ ಬಚ್ಚಲುಗುಂಡಿ ಜಾಸ್ತಿ ಮಾಡಿಸಿ, ಮಡಿಯನ್ನು ಕುಗ್ಗಿಸಿ ಕಣ್ಣೊರೆಸಬೇಡಿ.

ಮಡಿಯಲ್ಲಿ ಸುಮಾರು ಎರಡಡಿ ಜಲ್ಲಿ. ನೀರು ಜಲ್ಲಿಯ ಒಳಗೇ ಹರಿಯಬೇಕು. ಮೇಲೆ ನಿಂತರೆ ಸೊಳ್ಳೆ, ಆಮೇಲೆ ಊರವರೇ ಬಂದು ಮುಚ್ಚಿಸುತ್ತಾರೆ. ಜಲ್ಲಿಯನ್ನು ತೊಳೆದು ಹಾಕಿಸಿ. ಕ್ರಷರ್ ಪುಡಿ ಸಮೇತ ಸುರಿದ ಮಡಿ ಒಂದು ಮಳೆಗಾಲಕ್ಕೆ ಕಟ್ಟಿಕೊಳ್ಳುತ್ತದೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಗುತ್ತಿಗೆದಾರರು ಬಿಲ್ ಮಾಡಿಕೊಂಡು ಹೋಗಿ ಆಗಿತ್ತು. ಗಿಡಕ್ಕೆ ಜಂಬುಹುಲ್ಲು, ಕಾಬಾಳೆ, ಕೆಸು, ಲಾವಂಚ ಇವೆಲ್ಲ ಹತ್ತಿರದ ಹಳ್ಳದಲ್ಲೇ ಸಿಗುತ್ತವೆ, ನರ್ಸರಿ ಬಿಲ್ ಬೇಡ.

ಗಿಡವನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಕೊಯ್ದು ದೂರ ಸಾಗಿಸಿ. ಕೊಯ್ಯದೆ ಬಿಟ್ಟರೆ ಅಲ್ಲೇ ಕೊಳೆತು ಹೀರಿದ್ದನ್ನೆಲ್ಲ ವಾಪಸ್ ಕೊಡುತ್ತದೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ಕೊಳಚೆ ನೀರನ್ನೂ ನೇರ ಕೆರೆಗೆ ಬಿಡುವುದಿಲ್ಲ, ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸುತ್ತಾರೆ. ಆಗುವುದಾದರೆ ಒಮ್ಮೆ ಸದಸ್ಯರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿ.

ಪಕ್ಕದ ದಾರಿ. ಪ್ರತಿ ಬಾಯಿಗೂ ಒಂದು ಗೇಟು, ಬೇಕಾದಾಗ ನೀರನ್ನು ಕಟ್ಟೆಗೆ ಬಿಡದೆ ತಿರುಗಿಸಲು. ಆದರೆ ದಿನದ ಕೊಳಚೆಯನ್ನೆಲ್ಲ ತಿರುಗಿಸಿ ಕೋಡಿಯ ಆಚೆ ಬಿಟ್ಟು ಕೈ ತೊಳೆದುಕೊಳ್ಳಬೇಡಿ. ನಿಮ್ಮ ಕೋಡಿ ನೀರು ಕೆಳಗಿನ ಊರಿನ ಕೆರೆಗೆ ಬೀಳುತ್ತದೆ. ನಿಮಗೆ ಬೇಡವಾದದ್ದು ಅವರಿಗೆ ಬೇಕಾ?

ಬಟ್ಟೆ ಒಗೆಯುವವರನ್ನು ಬೈದು ಓಡಿಸಿದರೆ ಅವರು ರಾತ್ರಿ ಬರುತ್ತಾರೆ. ಕಟ್ಟೆಯಿಂದ ದೂರ ಒಗೆಯುವ ಕಲ್ಲು, ನಲ್ಲಿ, ಅದರ ನೀರಿಗೆ ಇಂಗುಗುಂಡಿ ಮಾಡಿಕೊಡಿ. ದನ ತೊಳೆಯಲು ಬೇರೆ ತೊಟ್ಟಿ. ಗಣೇಶ ವಿಸರ್ಜನೆಗೆ ಬೇರೆ ತಾತ್ಕಾಲಿಕ ಹೊಂಡ, ಪಿಒಪಿ ಮೂರ್ತಿಯಂತೂ ಬೇಡವೇ ಬೇಡ.

## 5. ಈಗ ಹೂಳು

ನಾಲ್ಕನೇ ಹಂತ ಮುಗಿದು, ಚರಂಡಿಯ ನೀರು ನೇರವಾಗಿ ಕಟ್ಟೆಗೆ ಬರುತ್ತಿಲ್ಲ ಎಂದು ಎರಡು ವಾರ ನೋಡಿ ಖಚಿತ ಮಾಡಿಕೊಂಡ ಮೇಲೆ ಮಾತ್ರ ಜೆಸಿಬಿಗೆ ಫೋನ್ ಮಾಡಿ.

ನೀರು ಬಿಡುವ ಮುಂಚೆ ಮೀನು ಹಿಡಿಸಿ. ಕೆಳಗಿನ ಹೊಲದವರಿಗೆ ಹೇಳಿ. ತೂಬಿನಿಂದ ನಿಧಾನ ಬಿಡಿ. ತೂಬಿನ ಗುಂಡಿಗೋ, ಹಳೆ ಮ್ಯಾನ್‌ಹೋಲಿಗೋ ಆಳು ಇಳಿಸಬೇಡಿ. ಕೊಳೆತ ಮೊಟ್ಟೆ ವಾಸನೆ ಬರುವ ಆ ಗಾಳಿ ನಿಮಿಷಗಳಲ್ಲಿ ಜೀವ ತೆಗೆಯುತ್ತದೆ, ಮ್ಯಾನ್‌ಹೋಲಿಗೆ ಜನ ಇಳಿಸುವುದು ಕಾನೂನಿನ ಪ್ರಕಾರವೂ ಅಪರಾಧ.

ತಳ ಬಿರುಕು ಬಿಡುವ ತನಕ ಒಣಗಲಿ, ಬಿಸಿಲು ಚೆನ್ನಾಗಿದ್ದರೆ ಹದಿನೈದು ಇಪ್ಪತ್ತು ದಿನ. ಒಣಗಿದ ಹೂಳು ಹಗುರ, ಸಾಗಿಸುವ ಖರ್ಚೂ ಕಡಿಮೆ. ಆಮೇಲೆ ಐದಾರು ಕಡೆ ಸಣ್ಣ ಗುಂಡಿ ತೋಡಿ ನೋಡಿ. ಮೇಲೆ ಕಪ್ಪು, ವಾಸನೆ ಬರುವ ಪದರ ಇರುತ್ತದೆ, ಕೆಳಗೆ ಬಣ್ಣ ಬದಲಾಗುತ್ತದೆ. ಬಣ್ಣ ಬದಲಾದ ಕಡೆ ನಿಲ್ಲಿಸಿ. ಅದರ ಕೆಳಗಿನ ಜೇಡಿ ಪದರವೇ ನೀರು ಹಿಡಿದಿಡುವುದು, ಅದನ್ನು ಕಿತ್ತರೆ ಕಟ್ಟೆ ಸೋರುತ್ತದೆ. 2022ರಲ್ಲಿ ಶುರುವಾದ ಅಮೃತ ಸರೋವರ ಯೋಜನೆಯಲ್ಲಿ ಕನಿಷ್ಠ 1 ಎಕರೆ, ಸುಮಾರು 10,000 ಘನ ಮೀಟರ್ ನೀರು ಎಂಬ ಅಳತೆ ಇತ್ತು. ಒಂದು ಎಕರೆಗೆ ಅಷ್ಟು ಬೇಕೆಂದರೆ ಸರಾಸರಿ ಎಂಟಡಿ ಆಳ ಬರುತ್ತದೆ. ಅಂಕಿ ತಲುಪಿಸುವ ಹುಮ್ಮಸ್ಸಿನಲ್ಲಿ ನಿಮ್ಮ ಮಣ್ಣು ಏನು ಹೇಳುತ್ತಿದೆ ಎಂಬುದನ್ನು ಮರೆಯಬೇಡಿ.

ಏರಿಯ ಬುಡದಲ್ಲಿ ಅಗೆಯಬೇಡಿ. ಎಷ್ಟು ದೂರ ಬಿಡಬೇಕು ಎಂದು ಎಂಜಿನಿಯರ್ ಸುಣ್ಣದ ಗೆರೆ ಹಾಕಿಕೊಡಲಿ, ಜೆಸಿಬಿ ಅದನ್ನು ದಾಟಬಾರದು. ಅಂಚನ್ನು ತಟ್ಟೆಯ ಹಾಗೆ ಇಳಿಜಾರು ಮಾಡಿ. ಸುತ್ತ ನೆಟ್ಟಗೆ ಕಲ್ಲಿನ ಗೋಡೆ ಕಟ್ಟಿದರೆ ಜೊಂಡು ಬೆಳೆಯಲು ಜಾಗ ಇರುವುದಿಲ್ಲ, ಹಕ್ಕಿ ಇಳಿಯುವುದಿಲ್ಲ, ಬಿದ್ದ ಮಗು ಹತ್ತಿ ಬರಲೂ ಆಗುವುದಿಲ್ಲ.

ಲೆಕ್ಕಕ್ಕೆ: ಒಂದು ಎಕರೆಯಲ್ಲಿ ಒಂದಡಿ ಹೂಳು ಎಂದರೆ ಸುಮಾರು 1,233 ಘನ ಮೀಟರ್. ಟ್ರ್ಯಾಕ್ಟರ್ ಟ್ರೇಲರ್ 3 ಘನ ಮೀಟರ್ ಹಿಡಿದರೆ 400 ಲೋಡಿನ ಮೇಲೆ. ಬಿಲ್ಲಿನಲ್ಲಿ ಎಷ್ಟಿದೆ ಎಂದು ಹೋಲಿಸಿ ನೋಡಿ. ಹೂಳನ್ನು ಹೊಲಕ್ಕೆ ಕೊಡಬಹುದು. ಪಟ್ಟಣದ ಕೊಳಚೆ, ಕಾರ್ಖಾನೆ, ಗ್ಯಾರೇಜ್ ನೀರು ಸೇರಿದ ಕಟ್ಟೆಯಾದರೆ ಮೊದಲು ಲ್ಯಾಬ್‌ನಲ್ಲಿ ಭಾರಲೋಹದ ಪರೀಕ್ಷೆ ಮಾಡಿಸಿ. ದಡದಲ್ಲೇ ಗುಡ್ಡೆ ಹಾಕಿ ಬಿಟ್ಟರೆ ಮೊದಲ ಮಳೆಗೆ ಎಲ್ಲ ವಾಪಸ್.

## 6. ಮೊದಲ ಮಳೆಯನ್ನು ಒಳಗೆ ಬಿಡಬೇಡಿ

ಬೇಸಿಗೆಯಲ್ಲಿ ಬೀದಿ, ತಿಪ್ಪೆ, ಹೊಲದಲ್ಲಿ ಸೇರಿದ್ದೆಲ್ಲ ಮೊದಲ ಎರಡು ಮೂರು ಜೋರು ಮಳೆಗೆ ಕೊಚ್ಚಿ ಬರುತ್ತದೆ. ಆಗ ಪಕ್ಕದ ದಾರಿಯ ಗೇಟು ತೆಗೆದು, ಕಟ್ಟೆಯ ಗೇಟು ಮುಚ್ಚಿ. ಆಮೇಲೆ ಬರುವ ನೀರನ್ನು ತುಂಬಿಸಿಕೊಳ್ಳಿ. ಗೇಟಿನ ಕೆಲಸಕ್ಕೆ ಒಬ್ಬರ ಹೆಸರು ಬರೆಯಿರಿ, ಕೆರೆ ನೀರು ಬಿಡುವ ನೀರುಗಂಟಿಯಿದ್ದರೆ ಅವರದೇ. "ಯಾರಾದರೂ ನೋಡ್ಕೋತಾರೆ" ಅಂದರೆ ಮಳೆ ಬಂದ ರಾತ್ರಿ ಯಾರೂ ಇರುವುದಿಲ್ಲ.

## 7. ಉಳಿದ ಪಾಚಿಗೆ

ಮೊದಲ ವರ್ಷ ಸ್ವಲ್ಪ ಹಸಿರು ಬಂದೇ ಬರುತ್ತದೆ. ತಳದಲ್ಲಿ ಉಳಿದ ರಂಜಕ ಹೊರಬರುತ್ತಿರುತ್ತದೆ.

ಎಳೆ ಪಾಚಿಯನ್ನು ಮೀನಿನ ಬಲೆಯಲ್ಲೋ, ಹಳೆ ಸೊಳ್ಳೆ ಪರದೆಯಲ್ಲೋ ಎಳೆದು ತೆಗೆದು ಗೊಬ್ಬರದ ಗುಂಡಿಗೆ ಹಾಕಿ. ಗಾಳಿ ತಳ್ಳಿಕೊಂಡು ಹೋಗುವ ಕಡೆಯ ದಡದಲ್ಲಿ ಅದು ತಾನೇ ಬಂದು ಸೇರುತ್ತದೆ, ಬೆಳಿಗ್ಗೆ ಅಲ್ಲಿಂದ ಎತ್ತುವುದು ಸುಲಭ. ನೀಲಿಹಸಿರು ಪಾಚಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ನೀರಿಗೆ ಗಾಳಿ ಸೇರಿಸುವ ಏರೇಟರ್ ಹಾಕುವುದಾದರೆ ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರ ತನಕ ಓಡಿಸಿ. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ಅದೂ ಉಸಿರಾಡುತ್ತದೆ, ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಸಂಜೆ ಆರರಿಂದ ಎಂಟರ ತನಕ ಬಣ್ಣದ ದೀಪ ಹಾಕಿ ಕಾರಂಜಿ ಹಾರಿಸುವುದು ಫೋಟೋಗೆ ಚೆಂದ, ಮೀನಿಗೆ ಏನೂ ಉಪಯೋಗವಿಲ್ಲ.

ಮೀನಿನಲ್ಲಿ ಬೆಳ್ಳಿ ಗೆಂಡೆ ಸೂಕ್ಷ್ಮ ಪಾಚಿ ತಿನ್ನುತ್ತದೆ, ಹುಲ್ಲು ಗೆಂಡೆ ನೀರಿನ ಕಳೆ ತಿನ್ನುತ್ತದೆ. ಸಾಮಾನ್ಯ ಗೆಂಡೆ ತಳ ಕೆದಕಿ ನೀರು ಕದಡುತ್ತದೆ, ಜಾಸ್ತಿ ಬಿಡಬೇಡಿ. ಎಷ್ಟು ಬಿಡಬೇಕು ಎಂದು ಮೀನುಗಾರಿಕೆ ಇಲಾಖೆಯವರನ್ನು ಕೇಳಿ. ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧಿತ. ಮೀನು ಹರಾಜಿನ ಕರಾರಿನಲ್ಲಿ ಕೋಳಿ ತ್ಯಾಜ್ಯ, ಕೋಳಿ ಗೊಬ್ಬರ ಹಾಕುವಂತಿಲ್ಲ ಎಂದು ಬರೆಸಿ. ಈ ಒಂದು ಸಾಲು ಇಲ್ಲದೆ ನಾಲ್ಕನೇ ಹಂತದ ಕೆಲಸವೆಲ್ಲ ನೀರಲ್ಲಿ ಹೋಮ ಆದದ್ದಿದೆ.

ಇನ್ನು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅಡಿಕೆಗೆ ಹೊಡೆಯುವುದು ಮನೆಯಲ್ಲಿದೆ, ಪಾಚಿಯೂ ಸಾಯುತ್ತದೆ, ಎರಡು ಚೀಲ ಸುರಿದರಾಯಿತು ಅನ್ನುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ಪಾಚಿ ಸಾಯುವುದು ನಿಜ. ಸತ್ತ ಪಾಚಿ ಒಟ್ಟಿಗೆ ಕೊಳೆತು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ, ಮರುದಿನ ಮೀನು ತೇಲುತ್ತವೆ. ನೀಲಿಹಸಿರು ಪಾಚಿಯಾದರೆ ಒಳಗಿದ್ದ ವಿಷ ಒಮ್ಮೆಲೇ ನೀರಿಗೆ ಬರುತ್ತದೆ. ತಾಮ್ರ ಹೂಳಿನಲ್ಲಿ ಉಳಿಯುತ್ತದೆ, ಮುಂದೆ ಆ ಹೂಳು ಹೊಲಕ್ಕೂ ಬೇಡವಾಗುತ್ತದೆ. ರಂಜಕ ಮಾತ್ರ ಇದ್ದಲ್ಲೇ ಇರುತ್ತದೆ, ಹಾಗಾಗಿ ಪಾಚಿಯೂ ಮತ್ತೆ ಬರುತ್ತದೆ. ಸ್ಫಟಿಕ (ಆಲಂ) ಹಾಕಿದರೆ ಅದು ರಂಜಕವನ್ನು ಹಿಡಿದು ತಳಕ್ಕೆ ಇಳಿಸುತ್ತದೆ, ಆದರೆ ಅಳತೆ ತಪ್ಪಿದರೆ ನೀರು ಹುಳಿಯಾಗಿ ಮೀನು ಸಾಯುತ್ತವೆ. ಪಿಎಚ್ ನೋಡುತ್ತಾ ಹಾಕುವ ತಜ್ಞರಿಲ್ಲದೆ ಕೈ ಹಾಕಬೇಡಿ. ಬಾಟಲಿಯಲ್ಲಿ ಬರುವ "ಬ್ಯಾಕ್ಟೀರಿಯಾ ದ್ರಾವಣ"ದವರಿಗೆ ಒಂದೇ ಮಾತು ಹೇಳಿ: ಚರಂಡಿ ಬರುತ್ತಿರುವಾಗ ಹಾಕಿ ತೋರಿಸಿ, ಆರು ತಿಂಗಳ ಮೇಲೆ ಬಿಲ್ ಕೊಡುತ್ತೇವೆ.

ಬೆಳಿಗ್ಗೆ ಮೀನು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ, ಸಂಜೆ ಪಿಎಚ್ 9 ದಾಟಿದರೆ, ಸೆಕ್ಕಿ ತಟ್ಟೆ ಒಂದಡಿಗಿಂತ ಮೇಲೆಯೇ ಕಣ್ಮರೆಯಾದರೆ, ಹಸಿರು ನೀರು ಒಂದೇ ದಿನದಲ್ಲಿ ಕಂದಾದರೆ ಅಪಾಯ ಹತ್ತಿರ ಬಂದಿದೆ. ಅವತ್ತು ರಾತ್ರಿಯಿಂದಲೇ ಏರೇಟರ್ ಅಥವಾ ಪಂಪು ಹಾಕಿ ನೀರನ್ನು ಮೇಲಕ್ಕೆ ಚಿಮ್ಮಿಸಿ, ಮೀನಿಗೆ ಆಹಾರ ನಿಲ್ಲಿಸಿ.

## 8. ವಾರದ ನೋಟ್‌ಬುಕ್

ವಾರಕ್ಕೊಂದು ದಿನ, ಒಂದೇ ಹೊತ್ತು, ಒಂದೇ ಜಾಗ. ತಟ್ಟೆಯ ಅಂಕಿ, ಪಿಎಚ್, ನೀರಿನ ಬಣ್ಣ, ಪ್ರತಿ ಚರಂಡಿ ಬಾಯಿಯ ಸ್ಥಿತಿ, ಒಂದು ಫೋಟೋ. ಸ್ವಸಹಾಯ ಸಂಘದವರಿಗೋ, ಹೈಸ್ಕೂಲ್ ಮಕ್ಕಳ ತಂಡಕ್ಕೋ ಕೊಟ್ಟರೆ ಚೆನ್ನಾಗಿ ಮಾಡುತ್ತಾರೆ, ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲೇಬೇಕು. ಜಾಲರಿಯ ಕಸ ದಿನಾ ತೆಗೆಯಬೇಕು, ತಿಳಿತೊಟ್ಟಿಯ ಕೆನೆ ಮತ್ತು ಕೆಸರು ಹದಿನೈದು ದಿನಕ್ಕೊಮ್ಮೆ. ಇದಕ್ಕೆ ಬೇಕಾದ ಕೂಲಿಯನ್ನು ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲಿ ಈಗಲೇ ಸೇರಿಸಿ, ಕಟ್ಟಿದ ಮೇಲೆ ನೋಡೋಣ ಅಂದರೆ ಆ ಸಾಲು ಬರುವುದೇ ಇಲ್ಲ.

ತಟ್ಟೆಯ ಅಂಕಿ ಮಳೆಯಿಲ್ಲದೆ ಎರಡು ವಾರ ಸತತ ಇಳಿದರೆ ಕಟ್ಟೆಯ ಹತ್ತಿರ ನಿಂತು ಯೋಚಿಸಬೇಡಿ. ಮೂರನೇ ಹಂತದ ನಕ್ಷೆ ಹಿಡಿದು ಚರಂಡಿಗುಂಟ ಮೇಲಕ್ಕೆ ನಡೆಯಿರಿ. ಜಾಲರಿ ಕಟ್ಟಿಕೊಂಡು ನೀರು ಮಡಿಯ ಮೇಲಿಂದ ಹಾಯುತ್ತಿರುತ್ತದೆ, ಇಲ್ಲವೇ ಯಾರೋ ಗೇಟು ತೆಗೆದು ಮುಚ್ಚಲು ಮರೆತಿರುತ್ತಾರೆ, ಅದೂ ಅಲ್ಲದಿದ್ದರೆ ಹೊಸ ಮನೆ ಕಟ್ಟಿದವರ ಪೈಪು ಒಂದು ಹೊಸದಾಗಿ ಸೇರಿರುತ್ತದೆ.